ಆ ಕೊಡ ಮತ್ತೆ ತುಂಬಿದವರು ಯಾರು?

ಮೊದಲಿಗೇ ಒಪ್ಪಿಕೊಳ್ಳುತ್ತೇವೆ, ನಾವೂ ನಕ್ಕವರೇ.

ನಾವು ಎಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಕೇರಿಗಳಿಂದ, ತಾಂಡಾಗಳಿಂದ ಎದ್ದು ಬಂದು ಮನೆತನದಲ್ಲೇ ಮೊದಲ ಸಲ ಕಾಲೇಜಿನ ಮೆಟ್ಟಿಲು ತುಳಿದವರು. ಅಪ್ಪನದು ಹೆಬ್ಬೆಟ್ಟು, ನಮ್ಮದು ಸಹಿ. 2010ರ ಆಚೀಚೆ ನಾವಿನ್ನೂ ಸಾಲಿ ಹುಡುಗರು. ಸುವರ್ಣ ವಾಹಿನಿಯಲ್ಲಿ ರಾತ್ರಿ ಹೊತ್ತು ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಎಂಬ ಆಟ ಬರುತ್ತಿತ್ತು. ಪಟ್ಟಣದ ಹುಡುಗಿಯರನ್ನು ತಂದು ಹಳ್ಳಿಯಲ್ಲಿ ಬಿಡುವುದು. ಸಗಣಿ ಬಾಚು, ಹಾಲು ಕರಿ, ನೀರು ಹೊರು ಅನ್ನುವುದು. ಅವರು ಮೂಗು ಮುಚ್ಚಿಕೊಳ್ಳುವುದು, ಚೀರುವುದು, ಜಾರಿ ಬೀಳುವುದು. ಒಂದು ಮನೆಯ ಪಡಸಾಲಿಯಲ್ಲಿ ಇಡೀ ಓಣಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಒಂದು ರಾತ್ರಿ ಒಬ್ಬ ಹುಡುಗಿ ತುಂಬಿದ ಕೊಡ ಹೊತ್ತು ನಾಲ್ಕು ಹೆಜ್ಜೆ ನಡೆದು ಕೊಡ ಕೆಳಗೆ ಹಾಕಿದಳು. ನೀರೆಲ್ಲ ಮಣ್ಣುಪಾಲು. ಎಲ್ಲರೂ ನಕ್ಕರು. ದಿನವೆಲ್ಲ ಕಳೆ ಕಿತ್ತು ಬಂದು ಗ್ವಾಡಿಗೆ ಒರಗಿ ಕೂತಿದ್ದ ನಮ್ಮವ್ವ ನಗಲಿಲ್ಲ.

“ಆ ಕೊಡ ಮತ್ತ ತುಂಬಾಕ ಯಾರು ಹ್ವಾದ್ರು?” ಅಂದಳು.

ಯಾರೂ ಉತ್ತರ ಕೊಡಲಿಲ್ಲ. ಟಿ.ವಿ.ಯವರು ಅದನ್ನು ತೋರಿಸಿರಲಿಲ್ಲ. ಆ ಪ್ರಶ್ನೆಯನ್ನು ಅಂದಿನಿಂದ ಹೊತ್ತು ತಿರುಗಿದ್ದೇವೆ. ಈಗ ಕೈಯಲ್ಲಿ ಬಿ.ಎ. ಎಂಬ ಕಾಗದವೂ ಇದೆ, ಉತ್ತರ ಮಾತ್ರ ಆ ಕಾಗದದಲ್ಲಿ ಬರೆದಿಲ್ಲ.

ಗೆಳೆಯರೇ, ಇದು ಒಂದು ಟಿ.ವಿ. ಆಟದ ಮಾತಲ್ಲ. ಸಿನಿಮಾದವರ ಬಹಳ ಹಳೆಯ ಸೂತ್ರ ಇದು. ಒಂದು ಪ್ಯಾಟಿ ಸಂಸಾರ. ಅಪ್ಪನಿಗೆ ಆಫೀಸು ಸಾಕಾಗಿದೆ, ಅವ್ವನಿಗೆ ಹೊಗೆ ಸಾಕಾಗಿದೆ, ಮಕ್ಕಳಿಗೆ ಎಲ್ಲವೂ ಸಾಕಾಗಿದೆ. ಗಂಟುಮೂಟೆ ಕಟ್ಟಿ ಅಡವಿಗೆ ಹೊರಡುತ್ತಾರೆ. ಕಾರು ರಾಡಿಯಲ್ಲಿ ಸಿಗುತ್ತದೆ. ಮಂಗ ಬಂದು ಚೀಲ ಕಸಿಯುತ್ತದೆ. ಅಪ್ಪ ಒಲೆ ಊದಿ ಮೀಸೆ ಸುಟ್ಟುಕೊಳ್ಳುತ್ತಾನೆ. ರಾತ್ರಿ ಬಾಗಿಲಿಗೆ ಕರಡಿ. ನಡುವೆ ಒಬ್ಬ ಸ್ಥಳೀಯ ಬೇಕು. ಅವನು ಹಲ್ಲು ಕಿರಿಯುತ್ತಾನೆ, ವಿಚಿತ್ರವಾಗಿ ಮಾತಾಡುತ್ತಾನೆ, ಕಾರು ಎತ್ತುತ್ತಾನೆ, ಹಾವು ಹಿಡಿಯುತ್ತಾನೆ, ಆಮೇಲೆ ಕಥೆಯಿಂದ ಮಾಯವಾಗುತ್ತಾನೆ. ಕೊನೆಗೆ ಸಂಸಾರಕ್ಕೆ ‘ನಿಜವಾದ ಸುಖ’ ತಿಳಿಯುತ್ತದೆ. ಅಮೆರಿಕದವರೂ ಇದನ್ನು ತೆಗೆದಿದ್ದಾರೆ, ನಮ್ಮವರೂ ತೆಗೆದಿದ್ದಾರೆ. ಸುವರ್ಣದವರೂ ಹಳ್ಳಿ ಆಟ ಗೆದ್ದ ಮೇಲೆ ‘ಪ್ಯಾಟೆ ಮಂದಿ ಕಾಡಿಗೆ ಬಂದ್ರು’ ಎಂದು ಅದನ್ನೇ ಮಾಡಿದರು.

ಈ ಕಥೆಯಲ್ಲಿ ಅಡವಿ ಯಾರದು? ಯಾರದೂ ಅಲ್ಲ. ಪ್ಯಾಟಿಯವರು ಬರಲೆಂದು ಅದು ಖಾಲಿ ಬಿದ್ದು ಕಾಯುತ್ತಿತ್ತು.

ನಮ್ಮ ಕಡೆ ಒಂದು ಮಾತಿದೆ. ಹೊಲಕ್ಕೆ ಹೋದವನನ್ನು ಕೇಳಿದರೆ “ಅಡವ್ಯಾಗ ಹ್ವಾಗ್ಯಾನ್ರೀ” ಅನ್ನುತ್ತೇವೆ. ಹೊಲವೂ ಅಡವಿಯೇ, ಗುಡ್ಡವೂ ಅಡವಿಯೇ. ದುಡಿಯುವ ಜಾಗಕ್ಕೇ ನಾವು ಅಡವಿ ಎಂದು ಹೆಸರಿಟ್ಟವರು. ಅದೇ ಜಾಗ ಪ್ಯಾಟಿಯವನ ಕಣ್ಣಿಗೆ ‘ನಿರ್ಜನ ಪ್ರದೇಶ’. ಅವ್ವ ಕಳೆ ಕೀಳುವ ಕಡೆ ಅವನಿಗೆ ಯಾರೂ ಕಾಣುವುದಿಲ್ಲ!

ನಗೆಯೇ ಬೇಡ ಎನ್ನುವ ಸನ್ಯಾಸಿಗಳಲ್ಲ ನಾವು. ಚಾರ್ಲಿ ಚಾಪ್ಲಿನ್ನನ ‘ಗೋಲ್ಡ್ ರಶ್’ 1925ರದು. ಅವನೂ ಅಡವಿಗೆ ಹೋಗುತ್ತಾನೆ, ಹಿಮದ ಅಡವಿಗೆ, ಬಂಗಾರ ಹುಡುಕಲು. ಹಸಿವು ತಾಳದೆ ತನ್ನ ಬೂಟು ಕುದಿಸಿ, ಲೇಸನ್ನು ಶಾವಿಗೆಯಂತೆ ಸುತ್ತಿ ಸುತ್ತಿ ತಿನ್ನುತ್ತಾನೆ. ಹಾಸ್ಟೆಲಿನಲ್ಲಿ ಮೊಬೈಲಿನ ಸಣ್ಣ ಪರದೆಯಲ್ಲಿ ಅದನ್ನು ನೋಡಿ ನಾವು ನಕ್ಕೆವು, ನಗುತ್ತ ನಗುತ್ತ ಗಂಟಲು ಕಟ್ಟಿತು. ಲಂಡನ್ನಿನ ಬಡವರ ದುಡಿಮೆಮನೆಯಲ್ಲಿ ಬಾಲ್ಯ ಕಳೆದವನು ಅವನು. ಹಸಿವನ್ನು ಪ್ರವಾಸಕ್ಕೆ ಹೋಗಿ ನೋಡಿ ಬಂದವನಲ್ಲ. ಪ್ಯಾಟಿ ಸಂಸಾರದ ಕಾಮಿಡಿಯಲ್ಲಿ ಹಸಿವು ಎಂದರೆ ಸಂಜೆಯ ಬಿಸ್ಕತ್ತು ತಡವಾಗುವುದು. ಕಾರಿನ ಕೀಲಿ ಅಪ್ಪನ ಕಿಸೆಯಲ್ಲೇ ಇದೆ, ಯಾವಾಗ ಬೇಕಾದರೂ ತಿರುಗಿ ಹೋಗಬಹುದು ಎಂದು ನೋಡುವವನಿಗೂ ಗೊತ್ತು. ಗೊತ್ತಿರುವುದರಿಂದಲೇ ನಗುತ್ತಾನೆ.

ಬಂಗಾರದ ಮಾತು ಬಂತು. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಮರಳು ತೊಳೆದು ಬಂಗಾರದ ಕಣ ಹೆಕ್ಕುತ್ತಿದ್ದರು. ದಿನವೆಲ್ಲ ತೊಳೆದರೆ ಒಪ್ಪೊತ್ತಿನ ಗಂಜಿ. ಆಮೇಲೆ ಬ್ರಿಟಿಷರ ಕಂಪನಿಗಳು ಬಂದು ಗಣಿ ತೋಡಿ ಹೋದವು. ಆ ಜಾಲಗಾರರ ಮೇಲೆ ಯಾವ ಸಿನಿಮಾವೂ ಬರಲಿಲ್ಲ. ‘ಬಂಗಾರದ ಮನುಷ್ಯ’ ಬಂದದ್ದು ಬೇರೆ ದಾರಿಯಿಂದ.

1972ರ ಆ ಸಿನಿಮಾ ನಮ್ಮ ಅಪ್ಪಂದಿರಿಗೂ ಪ್ರೀತಿಯದು. ರಾಜಕುಮಾರ್ ಮೇಲೆ ನಮಗೆ ಮುನಿಸಿಲ್ಲ, ಈ ನೆಲದ ಮಂದಿ ತಮ್ಮವನೆಂದು ಅಪ್ಪಿಕೊಂಡ ನಟ ಅವರು. ಬೆಂಗಳೂರಿನ ಒಂದೇ ಥಿಯೇಟರಿನಲ್ಲಿ ಅದು ವರ್ಷಕ್ಕೂ ಮಿಕ್ಕಿ ಓಡಿತು. ಅದನ್ನು ನೋಡಿ ಓದಿದ ಹುಡುಗರು ಹಳ್ಳಿಗೆ ಮರಳಿದರು ಎಂದು ಇಂದಿಗೂ ಹೇಳುತ್ತಾರೆ. ನಗಿಸುವ ಸಿನಿಮಾ ಅಲ್ಲ ಅದು. ಆದರೆ ಪ್ಯಾಟಿಯ ಹಾದಿ ಬಿಟ್ಟು ಬಂದವನು ಕಲ್ಲು ನೆಲವನ್ನು ಹಸಿರು ಮಾಡುವ ಕನಸನ್ನು ಕನ್ನಡದ ತಲೆಯಲ್ಲಿ ನೆಟ್ಟದ್ದು ಅದೇ. ಕೇಳಬೇಕಾದ್ದು ಒಂದೇ: ಮರಳಿದ ಹುಡುಗರು ಯಾರು? ಮರಳಲು ಅವರಿಗೆ ಹೊಲ ಇತ್ತು. ನಮ್ಮ ಕೇರಿಯ ಹುಡುಗ ಆ ಸಿನಿಮಾ ನೋಡಿ ಊರಿಗೆ ಮರಳಿದ್ದರೆ ಯಾರ ಕಲ್ಲು ಒಡೆಯಬೇಕಿತ್ತು? ಗೌಡರ ಕಲ್ಲು. ಅದನ್ನು ಸಿನಿಮಾ ನೋಡದೆಯೂ ಒಡೆಯುತ್ತಿದ್ದ.

ಅದೇ 1972ರಲ್ಲಿ ದೇಶಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂತು. ಪರದೆಯ ಮೇಲೆ ನಾಯಕ ಪಾಳು ನೆಲಕ್ಕೆ ಒಡೆಯನಾಗುತ್ತಿದ್ದ ವರ್ಷದಲ್ಲೇ, ಪರದೆಯ ಹೊರಗೆ ಅಡವಿಯ ಮಂದಿಗೆ ಅಡವಿ ಅಪರಾಧದ ಜಾಗ ಆಗತೊಡಗಿತು.

ಇನ್ನೊಂದು ವಿಷಯ. ಪ್ಯಾಟಿ ಸಂಸಾರ ಹಳ್ಳಿಗೆ ಬರುವ ಸಿನಿಮಾಗಳಲ್ಲಿ ಅವರಿಗೆ ಇಳಿದ ದಿನವೇ ಮನೆ ಸಿಗುತ್ತದೆ. ಕಂಬದ ಮನೆ, ಅಂಗಳದಲ್ಲಿ ತುಳಸಿ. ಯಾರೂ ಏನೂ ಕೇಳುವುದಿಲ್ಲ. ಹಳ್ಳಿಯ ಮಾಸ್ತರರೇ, ನಿಮಗೆ ಹಾಗೆ ಸಿಕ್ಕಿತ್ತೇ?

ನಮ್ಮ ಗೆಳೆಯನೊಬ್ಬ ಮಾಸ್ತರ ಆದ. ಗದಗದಲ್ಲೇ ಹುಟ್ಟಿ ಬೆಳೆದವನು. ಮುಂಡರಗಿ ತಾಲೂಕಿನ ಒಂದು ಹಳ್ಳಿಗೆ ಹಾಕಿದರು, ಊರ ಹೆಸರು ಬೇಡ. ಹೆಂಡತಿ, ಎರಡು ವರ್ಷದ ಕೂಸು ಕಟ್ಟಿಕೊಂಡು ಹೋದ. ಪ್ಯಾಟಿ ಸಂಸಾರ ಹಳ್ಳಿಗೆ ಬಂತು, ಸಿನಿಮಾ ಶುರುವಾಯಿತು ಎಂದುಕೊಳ್ಳಿ. ಮೊದಲ ಮನೆಯವರು ಬಾಯಿತುಂಬ ಬರ್ರಿ ಸರ ಅಂದರು, ಚಹಾ ಮಾಡಲು ಹೇಳಿದರು.

“ಊಟಕ್ಕ ಏನ್ ನಡೀತೈತ್ರಿ ಸರ?”

“ರೊಟ್ಟಿ ನಡೀತೈತ್ರಿ.”

“ಅದಲ್ರೀ... ಅಡ್ಡಹೆಸರು ಏನಂದ್ರಿ?”

ಇವನು ಹೇಳಿದ. ಆ ಅಡ್ಡಹೆಸರಿನಿಂದ ಅವರಿಗೆ ಏನೂ ಹತ್ತಲಿಲ್ಲ.

“ಅಂದ್ರ ನೀವು ಯಾ ಪೈಕಿ ಆದಂಗಾತ್ರಿ?”

ಇವನು ಅದನ್ನೂ ಹೇಳಿದ. ಒಳಗೆ ಕುದಿಯುತ್ತಿದ್ದ ಚಹಾ ಹೊರಗೆ ಬರಲೇ ಇಲ್ಲ. “ಮನಿ ನಮ್ಮ ಅಳಿಯಗ ಬೇಕಾಗೇತಂತ್ರಿ ಸರ, ನಿನ್ನೇನ ಫೋನ್ ಮಾಡಿದ್ದ.” ಎರಡನೆಯ ಮನೆಯಲ್ಲೂ ಅಳಿಯ. ಮೂರನೆಯದರಲ್ಲೂ ಅಳಿಯ. ನಾಲ್ಕನೆಯ ಮನೆಯವರಿಗೆ ಇರುವವನು ಒಬ್ಬನೇ ಮಗ, ಅವನಿಗೂ ಮದುವೆ ಆಗಿಲ್ಲ. ಆದರೂ ಅಲ್ಲಿಯೂ ಅಳಿಯ! ಆ ಊರಿನ ಗುಡಿಯ ಗ್ವಾಡಿಯ ಮೇಲೆ ಬಸವಣ್ಣನ ವಚನ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ನಮ್ಮ ಮಾಸ್ತರ ಇಂದಿಗೂ ಗದಗದಿಂದ ಬೆಳಗಿನ ಬಸ್ಸಿಗೆ ಹೋಗಿ ಆ ಊರ ಮಕ್ಕಳಿಗೆ ಅದೇ ವಚನ ಕಲಿಸಿ ಸಂಜೆ ಬಸ್ಸಿಗೆ ಮರಳುತ್ತಾನೆ. ಸಿನಿಮಾದ ಪ್ಯಾಟಿ ಸಂಸಾರಕ್ಕೆ ಜಾತಿ ಇಲ್ಲವೆಂದು ತಿಳಿಯಬೇಡಿರಿ. ಅದನ್ನು ಯಾರೂ ಕೇಳುವುದಿಲ್ಲ ಎಂಬುದೇ ಅದರ ಜಾತಿ.

2020ರಲ್ಲಿ ಈ ಸಿನಿಮಾಕ್ಕೆ ಸರಕಾರವೇ ನಿರ್ಮಾಪಕನಾಯಿತು. 1961ರ ಭೂಸುಧಾರಣಾ ಕಾಯ್ದೆಯಲ್ಲಿ 79-ಎ, 79-ಬಿ ಎಂಬ ಕಲಮುಗಳಿದ್ದವು. ಬೇಸಾಯಗಾರನಲ್ಲದವನು, ದೊಡ್ಡ ವರಮಾನದವನು ಸಾಗುವಳಿ ಭೂಮಿ ಕೊಳ್ಳಬಾರದು ಎಂಬುದು ಅವುಗಳ ತಾತ್ಪರ್ಯ. ಅವನ್ನು ಕಿತ್ತು ಹಾಕಿದರು. ಶನಿವಾರ ಬಂದು ಭಾನುವಾರ ಹೋಗುವ ರೈತರಿಗೆ ದಾರಿ ಆಯಿತು. ಕೇರಿಯವನೂ ಕೊಳ್ಳಬಹುದಲ್ಲ ಎಂದರು ಕೆಲವರು. ಕೊಳ್ಳಬಹುದು. ವಿಮಾನವನ್ನೂ ಕೊಳ್ಳಬಹುದು.

ಈಗ ರಾಜೇಶನ ಮಾತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಬರೆಯದೆ ಈ ಲೇಖನ ಮುಗಿಯುವುದಿಲ್ಲ.

‘ಹಳ್ಳಿ ಹೈದ ಪ್ಯಾಟೆಗೆ ಬಂದ’ ಎಂಬುದು ಅದೇ ವಾಹಿನಿಯ ಇನ್ನೊಂದು ಆಟ. ಇಲ್ಲಿ ಕಥೆ ತಿರುವುಮುರುವು. ಹೆಗ್ಗಡದೇವನಕೋಟೆ ಕಡೆಯ ಹಾಡಿಯ ಬುಡಕಟ್ಟಿನ ಹುಡುಗ ರಾಜೇಶನನ್ನು ಪ್ಯಾಟಿಗೆ ತಂದರು. ಅವನ ಬೆರಗು, ಅವನ ಮಾತು, ಅವನ ಮುಗ್ಧತೆ ನೋಡಿ ನಾಡು ನಕ್ಕಿತು, ಮೆಚ್ಚಿತು, ಗೆಲ್ಲಿಸಿತು. ‘ಜಂಗಲ್ ಜಾಕಿ’ ಎಂಬ ಸಿನಿಮಾಕ್ಕೆ ನಾಯಕನೂ ಆದ. ಆ ಹೆಸರನ್ನು ಇನ್ನೊಮ್ಮೆ ಓದಿರಿ. ನಾಯಕನಾದ ಮೇಲೂ ಜಂಗಲ್ ಅವನ ಬೆನ್ನು ಬಿಡಲಿಲ್ಲ. 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಹಡಿಯಿಂದ ಬಿದ್ದು ಸತ್ತ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದ ಎಂದು ಆಗಿನ ಪತ್ರಿಕೆಗಳು ಬರೆದವು. ಅವನ ಸಾವನ್ನು ಒಬ್ಬರ ತಲೆಗೆ ಕಟ್ಟಲು ನಾವು ಹೊರಟಿಲ್ಲ. ಅಷ್ಟು ಸುಲಭವಾಗಿ ಕಟ್ಟಿಬಿಟ್ಟರೆ ಉಳಿದವರೆಲ್ಲ ಕೈ ತೊಳೆದುಕೊಳ್ಳುತ್ತಾರೆ, ಪಡಸಾಲಿಯಲ್ಲಿ ಕೂತು ನಕ್ಕ ನಾವೂ ಸೇರಿ. ಪ್ಯಾಟಿಯ ಹುಡುಗಿಯರು ಆಟ ಮುಗಿಸಿ ತಮ್ಮ ಮನೆಗೆ ಹೋದರು. ಅವರು ಹೋದ ಕಡೆ ಅವರನ್ನು ಯಾರೂ ‘ಹಳ್ಳಿ ಹುಡುಗಿ’ ಎನ್ನಲಿಲ್ಲ. ಹಾಡಿಯ ಹುಡುಗನಿಗೆ ಆಟ ಎಲ್ಲಿ ಮುಗಿಯಿತು?

ಇದು ನಮ್ಮ ನಾಡಿನ ಕಥೆ ಮಾತ್ರವೂ ಅಲ್ಲ. 1980ರಲ್ಲಿ ದಕ್ಷಿಣ ಆಫ್ರಿಕಾದಿಂದ ‘ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ’ ಎಂಬ ನಗೆಯ ಸಿನಿಮಾ ಬಂತು. ವಿಮಾನದಿಂದ ಕೋಕಾಕೋಲಾ ಬಾಟಲಿ ಬೀಳುತ್ತದೆ, ಕಲಹರಿಯ ಸಾನ್ ಬುಡಕಟ್ಟಿನವನೊಬ್ಬ ಅದನ್ನು ಲೋಕದ ಅಂಚಿಗೆ ಎಸೆದು ಬರಲು ಹೊರಡುತ್ತಾನೆ. ಲೋಕವೆಲ್ಲ ನಕ್ಕಿತು. ಆ ಹೊತ್ತಿಗೆ ಅಲ್ಲಿ ವರ್ಣಭೇದದ ಆಡಳಿತ. ಸಾನ್ ಜನರ ನೆಲ ಹೋಗಿತ್ತು, ಅವರ ಗಂಡಸರನ್ನು ಅದೇ ಸರಕಾರದ ಸೈನ್ಯ ಹೆಜ್ಜೆ ಗುರುತು ಹಿಡಿಯುವ ಕೆಲಸಕ್ಕೆ ಇಟ್ಟುಕೊಂಡಿತ್ತು. ಸಿನಿಮಾದಲ್ಲಿ ಅವರು ಹೊರಗಿನ ಲೋಕವನ್ನೇ ಕಾಣದ ಸುಖಿಗಳು! ನಾಯಕನಾದ ಸಾನ್ ಮನುಷ್ಯನಿಗೆ ಸಿಕ್ಕ ಕೂಲಿ ಆ ಸಿನಿಮಾದ ಗಳಿಕೆಯ ಮುಂದೆ ಏನೇನೂ ಅಲ್ಲ.

ನಮ್ಮ ಊರಿಗೆ ಬರೋಣ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲೂಕಿಗೆ ಹಬ್ಬಿಕೊಂಡ ಕಪ್ಪತಗುಡ್ಡವೇ ನಮ್ಮ ಅಡವಿ. ಗಣಿಯವರ ಬಾಯಿಂದ ಅದನ್ನು ಉಳಿಸಲು ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಹಗಲೂ ರಾತ್ರಿ ಧರಣಿ ನಡೆಯಿತು. 2019ರಲ್ಲಿ 244 ಚದರ ಕಿಲೋಮೀಟರ್ ಗುಡ್ಡ ವನ್ಯಜೀವಿ ಧಾಮವಾಯಿತು. ಗುಡ್ಡ ಉಳಿಯಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಗಣಿ ಬಂದಿದ್ದರೆ ಮೊದಲು ಧೂಳು ಕುಡಿಯುವವರು ನಾವೇ. ಆದರೆ ಆ ಗುಡ್ಡದ ಬುಡದಲ್ಲಿ ತಾಂಡಾಗಳಿವೆ, ಕೇರಿಗಳಿವೆ, ಕುರಿಹಟ್ಟಿಗಳಿವೆ. ಕಟ್ಟಿಗಿ, ಸೀತಾಫಲ, ಕಸಬರಿಗಿ ಹುಲ್ಲು, ಬೇರು ಎಂದು ಆ ಅಡವಿಯನ್ನು ಕೈಯಿಂದ ಬಲ್ಲವರು ಅಲ್ಲಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಏನು ಹೇಳುತ್ತದೆ? ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಡವಿಯನ್ನು ನಂಬಿ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಹಾಗಾಗಿ ಅವರಿಗೂ ಈ 75 ವರ್ಷ. ಅಪ್ಪನಿಗೆ ಹುಟ್ಟಿದ ದಿನದ ಚೀಟಿಯೇ ಇಲ್ಲ. ಮುತ್ಯಾ ಕಟ್ಟಿಗಿ ಹೊತ್ತದ್ದಕ್ಕೆ ರಸೀದಿ ಎಲ್ಲಿಂದ ತರಬೇಕ್ರೀ?

ಪ್ಯಾಟಿ ಸಂಸಾರ ಅಡವಿಗೆ ಬರುವಾಗ ಮೂರು ತಲೆಮಾರಿನ ಪುರಾವೆ ಯಾರೂ ಕೇಳಲಿಲ್ಲ. ಕ್ಯಾಮೆರಾ ಇತ್ತು, ಸಾಕಾಯಿತು.

ಪುರಾವೆ ಇಲ್ಲದ ನಮ್ಮ ಮಂದಿ ಎಲ್ಲಿಗೆ ಹೋಗುತ್ತಾರೆ? ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ. ಒಂದು ಸಂಸಾರ ಗಂಟುಮೂಟೆ ಕಟ್ಟಿ ಗೊತ್ತಿಲ್ಲದ ಜಾಗಕ್ಕೆ ಹೊರಡುತ್ತದೆ. ಅದೇ ಕಥೆ ನೋಡಿರಿ. ವಾಸ್ಕೋಕ್ಕೆ ಹೋಗುವ ರೈಲು ದೂಧಸಾಗರದ ಮುಂದೆ ಹಾಯುವಾಗ ಪ್ರವಾಸದ ಮಂದಿ ಬಾಗಿಲಿಗೆ ನುಗ್ಗಿ ಫೋಟೊ ಹೊಡೆಯುತ್ತಾರೆ. ಸಂಡಾಸಿನ ಪಕ್ಕ ಬುಟ್ಟಿ, ಕೂಸು ಇಟ್ಟುಕೊಂಡು ಕೂತ ನಮ್ಮ ಕಾಕಾ ಎದ್ದು ಅವರಿಗೆ ದಾರಿ ಬಿಡುತ್ತಾನೆ. ಇಳಿದ ಮೇಲೆ ತಾಡಪತ್ರಿ ಗುಡಿಸಲು. ನೀರು ಇಲ್ಲ, ದೀಪ ಇಲ್ಲ, ಸಂಡಾಸ ಇಲ್ಲ. ಮಳೆಗಾಲದಲ್ಲಿ ಹಾವು. ಮಾತು ತಿಳಿಯದ ಊರು. ಘಟ್ಟದ ಮೇಲಿನವರೆಂದು ‘ಘಾಟಿ’ ಎಂಬ ಬೈಗಳ. ಅಡವಿ ಎಂದರೆ ಇದಲ್ಲದೆ ಇನ್ನೇನು? ಮೂವತ್ತು ಮಹಡಿ ಕಟ್ಟಡದ ಬುಡದಲ್ಲಿ ಅದು ಇದೆ ಎಂಬುದಷ್ಟೇ ವ್ಯತ್ಯಾಸ.

2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಗುಡಿಸಲುಗಳನ್ನು ಕೆಡವಿದರು. ಇವರು ಬಾಂಗ್ಲಾದೇಶದವರು ಎಂಬ ಗುಲ್ಲು ಎಬ್ಬಿಸಿ ಕೆಡವಿದರು. ಅಲ್ಲಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಕನ್ನಡ ಮಾತಾಡಿ ತೋರಿಸಿದರೂ ಗುಡಿಸಲು ಉಳಿಯಲಿಲ್ಲ. ಆಮೇಲೆ ಹೈಕೋರ್ಟು ಕೆಡವಿದ್ದು ತಪ್ಪು ಎಂದಿತು. ನಮ್ಮ ಕನ್ನಡ ಸಿನಿಮಾದಲ್ಲಿ ನಗಿಸಲಿಕ್ಕೆ ಬೇಕು. ಕಂಪನಿ ನಾಟಕದ ಕಾಲದಿಂದಲೂ ಹೀಗೆಯೇ. ರಾಜನಿಗೆ ಪುಸ್ತಕದ ಕನ್ನಡ, ಆಳುಮಗನಿಗೆ ನಮ್ಮ ಕನ್ನಡ. ಪರದೆಯ ಮೇಲೆ ಕೇಳಿದ ಕೂಡಲೇ ಚಪ್ಪಾಳೆ. ಗುಡಿಸಲಿನಲ್ಲಿ ಕೇಳಿದರೆ ಯಾವ ದೇಶದವರು ಎಂಬ ಅನುಮಾನ!

ಕಾಡಿಗೆ ಹೋಗುವ ಸಂಸಾರದ ನಿಜವಾದ ಕಥೆ ನಡೆದದ್ದು 2025ರ ಮೇ ತಿಂಗಳಲ್ಲಿ, ನಾಗರಹೊಳೆಯಲ್ಲಿ. ದಶಕಗಳ ಹಿಂದೆ ಅಡವಿಯಿಂದ ಹೊರಹಾಕಿಸಿಕೊಂಡು ಕಾಫಿ ತೋಟಗಳ ಲೈನಿನಲ್ಲಿ ಬೆಳೆದ ಜೇನುಕುರುಬರ ಐವತ್ತು ಸಂಸಾರಗಳು ಕರಡಿಕಲ್ಲು ಅತ್ತೂರುಕೊಲ್ಲಿಯ ತಮ್ಮ ಹಿರಿಯರ ಜಾಗಕ್ಕೆ ನಡೆದು ಹೋದವು. ಗುಡಿಸಲು ಹಾಕಿದವು. ಅರಣ್ಯದವರೂ ಪೊಲೀಸರೂ ಬಂದು ಸುತ್ತ ನಿಂತರು. ಅಲ್ಲಿ ಮಂಗ ಯಾರ ಚೀಲವನ್ನೂ ಕಸಿಯಲಿಲ್ಲ. ಯಾರೂ ಒಲೆ ಊದಿ ಮೀಸೆ ಸುಟ್ಟುಕೊಳ್ಳಲಿಲ್ಲ. ಅವರಿಗೆ ಅಡವಿ ಬರುತ್ತದೆ, ಹಾಗಾಗಿ ಕಾಮಿಡಿಗೆ ಅವರು ಬರುವುದಿಲ್ಲ.

ನಾವು ಏನು ಮಾಡಿದೆವು ಎಂದೂ ಹೇಳಬೇಕು. ಬೈದು ಬರೆಯುವುದು ಸುಲಭ. ಕಾಲೇಜಿನ ಗ್ಯಾದರಿಂಗಿನಲ್ಲಿ ಒಂದು ಸಣ್ಣ ನಾಟಕ ಆಡಿದೆವು, ‘ಕೇರಿ ಮಂದಿ ಪ್ಯಾಟಿಗೆ ಬಂದ್ರು’ ಎಂದು. ಕಾಕಾನ ರೈಲು ಇತ್ತು, ತಾಡಪತ್ರಿ ಇತ್ತು, ಮಾಸ್ತರನ ಮನೆ ಹುಡುಕಾಟವೂ ಇತ್ತು. ನಾಲ್ಕು ಬಾಗಿಲು, ನಾಲ್ಕು ಅಳಿಯ. ಊರಿಂದ ಅವ್ವನನ್ನೂ ಕರೆಸಿದ್ದೆವು; ಮುಂದೆ ಕೂಡ್ರು ಎಂದರೂ ಕೇಳದೆ ಹಿಂದಿನ ಸಾಲಿನಲ್ಲಿ ನಮ್ಮ ಹಾಸ್ಟೆಲಿನ ಹುಡುಗಿಯರ ನಡುವೆ ಕೂತಳು. ಎರಡನೆಯ ಅಳಿಯ ಬರುವ ಹೊತ್ತಿಗೆ ಹಿಂದಿನ ಸಾಲುಗಳು ನಗತೊಡಗಿದವು. ನಾಲ್ಕನೆಯ ಮನೆಯಲ್ಲಿ ಮದುವೆಯಾಗದ ಮಗನ ಅಳಿಯ ಬಂದಾಗ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡಿ ನಗುತ್ತಿದ್ದಳು. ಮುಂದಿನ ಸಾಲಿನಲ್ಲಿ ಕೂತ ದೊಡ್ಡವರೊಬ್ಬರು ಎದ್ದು ನಿಂತು, “ಇದರಾಗ ನಗೂವಂಥಾದ್ದು ಏನೈತಿ?” ಎಂದು ಕೇಳಿದರು. ಹಿಂದಿನ ಸಾಲಿನವರು ಇನ್ನೂ ನಗುತ್ತಲೇ ಇದ್ದರು.